ಊದುಗೊಳವೆಯ ಉಸಿರು

ಆಷಾಢದ ಮಳೆ ಹಿಡಿದಿದ್ದ ಒಂದು ಸಂಜೆ. ತೀರ್ಥಹಳ್ಳಿ ಸೀಮೆಯ ನಮ್ಮ ತವರುಮನೆಯಲ್ಲಿ ಬಚ್ಚಲ ಒಲೆಯ ಮುಂದೆ ನಾನೂ ಅಕ್ಕನ ಮಗಳೂ ಕೂತಿದ್ದೆವು. ಅವಳು ಏಳು ತಿಂಗಳ ಬಸುರಿ. ಸೌದೆ ಹಸಿಯಾಗಿತ್ತು, ಹಂಡೆಯ ನೀರು ಕಾಯುವ ಲಕ್ಷಣವಿರಲಿಲ್ಲ. ನಾನು ಊದುಗೊಳವೆ ಹಿಡಿದು ಬಗ್ಗಿದಾಗ ಅವಳು ಕೇಳಿದಳು: "ಚಿಕ್ಕಮ್ಮಾ, ನೀನು ಹೆರಿಗೆಗೆ ಮುಂಚೆ ಉಸಿರಾಟದ ಕ್ಲಾಸಿಗೆ ಹೋಗಿದ್ಯಂತೆ. ಅದ್ರಿಂದ ನಿಜವಾಗ್ಲೂ ನೋವು ಕಡಿಮೆ ಆಯ್ತಾ?"

ಒಂದೇ ಮಾತಿನಲ್ಲಿ ಹೌದು ಅನ್ನಲೂ ಆಗಲಿಲ್ಲ, ಇಲ್ಲ ಅನ್ನಲೂ ಆಗಲಿಲ್ಲ. ನೀರು ಕಾಯುವಷ್ಟರಲ್ಲಿ ಇಡೀ ಕಥೆಯನ್ನೇ ಹೇಳಿದೆ.

ಅದು 1998. ಮದುವೆಯಾಗಿ ಬೆಂಗಳೂರಿಗೆ ಹೋಗಿ ಎರಡು ವರ್ಷವಾಗಿತ್ತು, ವಿಜಯನಗರದಲ್ಲಿ ಬಾಡಿಗೆ ಮನೆ. ಪಕ್ಕದ ಮನೆಯವರು ಹೇಳಿದರೆಂದು ಒಬ್ಬರು ಫಿಸಿಯೋಥೆರಪಿ ಮೇಡಂ ಹತ್ತಿರ ಆರು ಶನಿವಾರ ಹೋದೆವು. ನಾವು ಒಂಬತ್ತು ಮಂದಿ ಬಸುರಿಯರು, ತಲೆಗೊಂದು ಚಾಪೆ, ಎರಡೆರಡು ದಿಂಬು. ಮೊದಲ ಎರಡು ವಾರ ಉಸಿರಿನ ಮಾತೇ ಇಲ್ಲ. ಬರೀ ಮೈ ಸಡಿಲ ಬಿಡುವುದು. ಮುಷ್ಟಿ ಬಿಗಿ ಹಿಡಿ, ಬಿಡು. ಹುಬ್ಬು ಗಂಟಿಕ್ಕು, ಬಿಡು. ಭುಜ ಕಿವಿಯವರೆಗೆ ಎತ್ತು, ಬಿಡು. ಮೇಡಂ ನಡುವೆ ಓಡಾಡುತ್ತಾ ಒಬ್ಬೊಬ್ಬರ ಕೈ ಎತ್ತಿ ಬಿಡುತ್ತಿದ್ದರು. ಅದು ಒದ್ದೆ ಬಟ್ಟೆಯ ಹಾಗೆ ಚಾಪೆಗೆ ಬೀಳಬೇಕು. ನನ್ನ ಕೈ ಗಾಳಿಯಲ್ಲೇ ನಿಂತುಬಿಡುತ್ತಿತ್ತು. ಸಡಿಲ ಬಿಡುವುದೂ ಕಲಿಯಬೇಕಾದ ವಿದ್ಯೆ ಅನ್ನುವುದು ನನಗೆ ಗೊತ್ತಾದದ್ದೇ ಅಲ್ಲಿ.

ಮೂರನೆಯ ವಾರ ಅವರು ಗ್ರಾಂಟ್ಲಿ ಡಿಕ್-ರೀಡ್ ಎಂಬ ಇಂಗ್ಲೆಂಡಿನ ವೈದ್ಯರ ಕಥೆ ಹೇಳಿದರು. ಎಳೆಯ ವಯಸ್ಸಿನಲ್ಲಿ ಆತ ಲಂಡನ್ನಿನ ವೈಟ್‌ಚಾಪೆಲ್ ಕೇರಿಯ ಒಂದು ಹರಕು ಮನೆಗೆ ಹೆರಿಗೆ ಮಾಡಿಸಲು ಹೋಗಿದ್ದರಂತೆ. ನೋವು ತಿಳಿಯದಿರಲೆಂದು ಕ್ಲೋರೋಫಾರ್ಮ್ ಕೊಡಹೋದರೆ ಆ ಹೆಂಗಸು ಬೇಡವೆಂದಳು. ಆಮೇಲೆ ಯಾಕೆಂದು ಕೇಳಿದರೆ, ನೋಯಲಿಲ್ಲವಲ್ಲ ಎಂಬರ್ಥದ ಮಾತಾಡಿದಳು. ಆ ಮಾತು ವೈದ್ಯರನ್ನು ಬಿಡಲಿಲ್ಲ. ಹೆದರಿಕೆಯಿಂದ ಮೈ ಬಿಗಿಯುತ್ತದೆ, ಬಿಗಿದ ಮೈ ಹೆಚ್ಚು ನೋಯುತ್ತದೆ, ನೋವು ಮತ್ತೆ ಹೆದರಿಕೆ ತರುತ್ತದೆ: ಈ ಸುತ್ತನ್ನು ಮುರಿಯಬೇಕು ಎಂದು 1933ರಲ್ಲಿ ಪುಸ್ತಕ ಬರೆದರು. ಪ್ಯಾರಿಸ್ಸಿನ ಫೆರ್ನಾಂ ಲಮಾಜ್ ಎಂಬ ಇನ್ನೊಬ್ಬ ವೈದ್ಯರು 1951ರಲ್ಲಿ ಸೋವಿಯತ್ ದೇಶಕ್ಕೆ ಹೋಗಿ, ಅಲ್ಲಿ ಹೆಂಗಸರನ್ನು ಮೊದಲೇ ತರಬೇತು ಮಾಡಿ ಹೆರಿಗೆ ಮಾಡಿಸುವುದನ್ನು ಕಂಡು, ಹಿಂದಿರುಗಿ ಲೋಹ ಕಾರ್ಮಿಕರ ಸಂಘದ ಆಸ್ಪತ್ರೆಯಲ್ಲಿ ಅದನ್ನು ಶುರುಮಾಡಿದರು. ನೋವಿನ ಏರಿಳಿತಕ್ಕೆ ತಕ್ಕಂತೆ ಉಸಿರಾಡುವ ಕ್ರಮವನ್ನು ಜಗತ್ತಿಗೆ ಹರಡಿದವರು ಅವರೇ. ಅವರ ಕ್ರಮದಲ್ಲಿ ತರಬೇತಾದ ಒಬ್ಬ ಹೆಂಗಸು ನೋವಿನುದ್ದಕ್ಕೂ ಬಸುರಿಯ ಪಕ್ಕ ಬಿಡದೆ ಇರುತ್ತಿದ್ದಳು, ಗಂಡನೂ ಇರಬಹುದಿತ್ತು. ಈ ಕೊನೆಯ ಮಾತನ್ನು ನಾನು ಆಗ ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ.

ಕಲಿಸಿದ ಉಸಿರು ಮೂರು ಬಗೆ. ನೋವು ಶುರುವಾಗುವಾಗ ಮೂಗಿನಿಂದ ನಿಧಾನಕ್ಕೆ ಎಳೆದು ಬಾಯಿಯಿಂದ ಇನ್ನೂ ನಿಧಾನಕ್ಕೆ ಬಿಡುವುದು. ನೋವು ನೆತ್ತಿಗೇರಿದಾಗ ಚಿಕ್ಕ ಚಿಕ್ಕ ಉಸಿರು. ಗರ್ಭಕೋಶದ ಬಾಯಿ ಪೂರ್ತಿ ತೆರೆಯುವ ಮೊದಲೇ ತಿಣುಕಬೇಕು ಅನಿಸಿದರೆ ಉಫ್ ಉಫ್ ಎಂದು ಊದುವುದು. ಮನೆಯಲ್ಲಿ ನಮ್ಮವರು ಕೈಗಡಿಯಾರ ಹಿಡಿದು ಎಣಿಸುತ್ತಿದ್ದರು. ಫ್ರಿಜ್ಜಿನ ಐಸ್ ತುಂಡನ್ನು ನನ್ನ ಅಂಗೈಯಲ್ಲಿಟ್ಟು "ಹದಿನೈದು ಸೆಕೆಂಡ್, ಮೂವತ್ತು, ನಲವತ್ತೈದು, ಆಯ್ತು ಬಿಡು" ಎನ್ನುತ್ತಿದ್ದರು. ಅವರ ದನಿಗೆ ನನ್ನ ಉಸಿರು ಒಗ್ಗಿಹೋಗಿತ್ತು.

ಆದರೆ ಮೊದಲ ಹೆರಿಗೆ ತವರಿನಲ್ಲಿ ಆಗಬೇಕಲ್ಲ. ಸೀಮಂತ ಮುಗಿಸಿ ಅಮ್ಮನ ಜೊತೆ ಊರಿಗೆ ಬಂದೆ. ಎಣಿಸುವವರು ಮುನ್ನೂರು ಕಿಲೋಮೀಟರಿಗೂ ಆಚೆ ಉಳಿದರು. ಅದರಲ್ಲೊಂದು ಲೋಪವಿದೆ ಅಂತ ನಮ್ಮಿಬ್ಬರಲ್ಲಿ ಯಾರಿಗೂ ಹೊಳೆಯಲಿಲ್ಲ.

ದೀಪಾವಳಿ ಕಳೆದ ವಾರ, ಸಂಜೆಗೆ ಸೊಂಟದಲ್ಲಿ ನೋವು ಕಾಣಿಸಿಕೊಂಡಿತು. ರಾತ್ರಿ ಹತ್ತಕ್ಕೆ ಪೇಟೆಯ ಆಸ್ಪತ್ರೆಗೆ ಹೋದೆವು. ಅಣ್ಣ ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿದ, ನಮ್ಮವರು ರಾತ್ರಿ ಬಸ್ಸು ಹಿಡಿದರು. ಸಿಸ್ಟರ್ ಪರೀಕ್ಷಿಸಿ, ಗರ್ಭಕೋಶದ ಬಾಯಿ ತೆರೆದಿರುವುದು ಇನ್ನೂ ಮೂರೇ ಸೆಂಟಿಮೀಟರ್ ಅಂದರು. ಹತ್ತಾಗಬೇಕು. ಲೇಬರ್ ರೂಮಿನ ಬಾಗಿಲಲ್ಲಿ ಅಮ್ಮನನ್ನು ತಡೆದರು. "ನೀವು ಹೊರಗಿರಿ ಅಮ್ಮ, ಇಲ್ಲಿ ಯಾರನ್ನೂ ಬಿಡಲ್ಲ." ಆ ಬಾಗಿಲು ಮುಚ್ಚಿದ ಸದ್ದು ನನಗೆ ಇವತ್ತಿಗೂ ಕೇಳುತ್ತದೆ.

ಒಳಗೆ ಮೂರು ಮಂಚ, ಬಿಳಿ ಟ್ಯೂಬ್‌ಲೈಟು, ಪಕ್ಕದ ಮಂಚದಲ್ಲಿ ಕೂಗುತ್ತಿದ್ದ ಒಬ್ಬಳು. ಅವಳ ಕೂಗಿಗೇ ನನ್ನ ಮೈ ಬಿಗಿಯಿತು. ನಿಧಾನದ ಉಸಿರಿನಿಂದ ಶುರುಮಾಡಬೇಕಾದವಳು ಹೆದರಿಕೆಗೆ ನೇರವಾಗಿ ಚಿಕ್ಕ ಉಸಿರಿಗೇ ಹಾರಿದೆ. ಹೀ ಹೀ ಹೂ, ಹೀ ಹೀ ಹೂ ಎಂದು ಒಂದೇ ಸಮನೆ. ನೋವಿದ್ದಾಗಲೂ ಅದೇ, ಇಲ್ಲದಾಗಲೂ ಅದೇ. "ಏನಮ್ಮ ಇದು, ಹೀಗೆ ತೇಕ್ತೀಯಾ? ಸುಮ್ಮನೆ ಮಲಗು" ಎಂದು ಸಿಸ್ಟರ್ ಗದರಿ ಹೋದರು. ಅರ್ಧ ಗಂಟೆಯಲ್ಲಿ ತುಟಿ ಜುಮುಗುಟ್ಟತೊಡಗಿತು, ತಲೆ ತಿರುಗಿತು, ಬೆರಳುಗಳು ಸೆಟೆದು ಕೊಕ್ಕೆಯಂತಾದವು. ಸತ್ತೇಹೋಗುತ್ತೇನೆ ಅಂದುಕೊಂಡೆ. ಹಾಗೆ ವೇಗವಾಗಿ ಉಸಿರಾಡಿದರೆ ರಕ್ತದಲ್ಲಿರಬೇಕಾದ ಇಂಗಾಲದ ಡೈಆಕ್ಸೈಡ್ ವಿಪರೀತ ಇಳಿದು ಕೈಬಾಯಿ ಜುಮುಗುಟ್ಟುತ್ತವೆ, ಉಸಿರು ನಿಧಾನವಾದರೆ ತಾನೇ ಸರಿಹೋಗುತ್ತದೆ ಅನ್ನುವುದು ತಿಳಿದದ್ದು ಎಷ್ಟೋ ಕಾಲದ ನಂತರ.

ಆಗ ಬಂದವರು ರಾತ್ರಿ ಪಾಳಿಯ ಆಯಾ. ಐವತ್ತೈದು ದಾಟಿದ ಹೆಂಗಸು, ಕೈಯಲ್ಲಿ ನೆಲ ಒರೆಸುವ ಬಟ್ಟೆ. ಅದನ್ನು ಬದಿಗಿಟ್ಟು ಕೈ ತೊಳೆದು ಬಂದು ನನ್ನ ಸೆಟೆದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು. "ಒಲೆ ಊದಿ ಗೊತ್ತುಂಟಾ ಮಗಾ?" ಗೊತ್ತು ಎಂದು ತಲೆಯಾಡಿಸಿದೆ. "ಊದುಗೊಳವೇಲಿ ಊದಿದ ಹಾಗೆ ಊದು. ಜೋರು ಊದಿದ್ರೆ ಬೂದಿ ಹಾರ್ತದೆ. ಉದ್ದಕ್ಕೆ, ಮೆಲ್ಲಗೆ. ಕೆಂಡ ಕಣ್ಣು ಬಿಡೋ ತನಕ."

ಊದಿದೆ. ಹುಟ್ಟಿದಾಗಿನಿಂದ ಬಲ್ಲ ಉಸಿರು ಅದು. ಅವರೂ ನನ್ನೆದುರು ತುಟಿ ಮುಂದೆ ಮಾಡಿ ಊದುತ್ತಿದ್ದರು. ಹತ್ತು ನಿಮಿಷದಲ್ಲಿ ಬೆರಳು ನನ್ನವಾದವು.

ಆಮೇಲೆ ಲೆಕ್ಕ ಹಾಕಿ ನೋಡಿದ್ದೇನೆ. ನಾಲ್ಕು ಎಣಿಕೆ ಒಳಗೆ, ಆರು ಎಣಿಕೆ ಹೊರಗೆ. ಒಂದು ಉಸಿರಿಗೆ ಹತ್ತು ಸೆಕೆಂಡು. ಜೋರು ನೋವೊಂದು ನಿಲ್ಲುವುದು ಹೆಚ್ಚುಕಡಿಮೆ ಒಂದು ನಿಮಿಷ. ಅಂದರೆ ಒಂದು ನೋವಿಗೆ ಆರೇ ಉಸಿರು. ಮೂರನೆಯದಕ್ಕೆ ನೋವು ನೆತ್ತಿಯಲ್ಲಿರುತ್ತದೆ, ನಾಲ್ಕನೆಯದಕ್ಕೆ ಇಳಿಯಲು ಶುರು. ಆರನ್ನು ದಾಟಿದರೆ ಮುಂದಿನ ನೋವಿನವರೆಗೆ ಎರಡು ಮೂರು ನಿಮಿಷ ಪೂರ್ತಿ ಬಿಡುವು. ಆ ಬಿಡುವಿನಲ್ಲಿ ಆಯಾ ನನ್ನ ಭುಜ ಒತ್ತಿ ಕೆಳಗಿಳಿಸುತ್ತಿದ್ದರು, ದವಡೆ ಮುಟ್ಟಿ "ಹಲ್ಲು ಕಚ್ಚಬೇಡ" ಅನ್ನುತ್ತಿದ್ದರು. ಬೆಂಗಳೂರಿನ ಮೇಡಂ ಚಾಪೆಯ ಮೇಲೆ ಕಲಿಸಿದ್ದೂ ಅಕ್ಷರಶಃ ಅದನ್ನೇ. ಕಲಿತದ್ದು ಎಲ್ಲೂ ಹೋಗಿರಲಿಲ್ಲ. ನೆನಪಿಸುವ ಒಂದು ದನಿ ಬೇಕಿತ್ತು, ಅಷ್ಟೆ.

ನೋವು ಕಡಿಮೆಯಾಯಿತೇ? ಇಲ್ಲ. ಬೆಳಗಿನ ಜಾವದ ನೋವುಗಳು ಸೊಂಟ ಮುರಿಯುವಂತಿದ್ದವು. ಆದರೆ ನಾನು ಅವುಗಳ ಜೊತೆಗಿದ್ದೆ, ಅವುಗಳಿಂದ ಓಡುತ್ತಿರಲಿಲ್ಲ. ಸರಿಯಾಗಿ ಉಸಿರಾಡಿದರೆ ನೋವೇ ಇರುವುದಿಲ್ಲ ಎಂದು ಬಸುರಿಯರಿಗೆ ಹೇಳುವುದು ತಪ್ಪು. ನೋವಾದವಳು ತಾನೇ ಸೋತೆನೆಂದುಕೊಳ್ಳುತ್ತಾಳೆ. ನನ್ನ ಎರಡನೆಯ ಹೆರಿಗೆ ಆಪರೇಷನ್ನಿನಿಂದ ಆಯಿತು. ಬೆನ್ನಿಗೆ ಸೂಜಿ ಚುಚ್ಚುವಾಗ ಅಲುಗಾಡದೆ ಕೂರಲು ನೆರವಾದದ್ದೂ ಅದೇ ಊದುಗೊಳವೆಯ ಉಸಿರು.

ಆರೂವರೆಗೆ ಮಗಳು ಹುಟ್ಟಿದಳು, ಎರಡು ಕೆಜಿ ಒಂಬೈನೂರು ಗ್ರಾಂ. ಎಂಟಕ್ಕೆ ನಮ್ಮವರು ಬಂದರು. ಆಯಾ ಪಾಳಿ ಮುಗಿಸಿ ಹೊರಟುಹೋಗಿದ್ದರು. ಅವರ ಹೆಸರು ಕೇಳಲಿಲ್ಲವಲ್ಲ ಎಂಬ ಕೊರಗು ನನಗೆ ಇನ್ನೂ ಇದೆ.

ಇದನ್ನೆಲ್ಲ ಕೇಳಿ ಅಕ್ಕನ ಮಗಳು, "ಹಾಗಾದ್ರೆ ಹಿಂದಿನ ಕಾಲವೇ ಚೆನ್ನಾಗಿತ್ತಾ?" ಅಂದಳು. ಅಲ್ಲ ಅಂದೆ. ನನ್ನ ಅಜ್ಜಿ ಮನೆಯಲ್ಲೇ ಸೂಲಗಿತ್ತಿಯ ಕೈಯಲ್ಲಿ ಏಳು ಹೆತ್ತು ಎರಡನ್ನು ಕಳೆದುಕೊಂಡವಳು. ಪಾವಗಡದ ಕಡೆಯ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ನಾನು ಅತ್ತಿದ್ದೆ. ಆದರೂ ಹೆರಿಗೆ ಆಸ್ಪತ್ರೆಯಲ್ಲೇ ಆಗಬೇಕು ಅನ್ನುವವಳು ನಾನು. ಸೂಲಗಿತ್ತಿಯನ್ನು ಬಿಟ್ಟು ಬರುವಾಗ ಪಕ್ಕದಲ್ಲಿ ಕೂರುವ ಕೈಯನ್ನೂ ಬಾಗಿಲಾಚೆ ಬಿಟ್ಟು ಬಂದೆವು ಅನ್ನುವುದಷ್ಟೇ ನನ್ನ ಸಂಕಟ.

ಈಗ ಆ ಬಾಗಿಲು ತೆರೆಯುವಂತಾಗಿದೆ. 2016ರಲ್ಲಿ ಕೇಂದ್ರ ಆರೋಗ್ಯ ಇಲಾಖೆ ಸರ್ಕಾರಿ ಆಸ್ಪತ್ರೆಗಳ ಹೆರಿಗೆ ಕೋಣೆಗೆ ಬಸುರಿಯ ಜೊತೆ ಒಬ್ಬರನ್ನು ಬಿಡಲು ಒಪ್ಪಿತು. ಸ್ವತಃ ಹೆತ್ತ ನೆಂಟರ ಹೆಂಗಸಾದರೆ ಒಳ್ಳೆಯದು. ಮರೆಯ ವ್ಯವಸ್ಥೆ ಇರುವಲ್ಲಿ ಗಂಡನೂ ಆಗಬಹುದು. ಅಂಟುರೋಗ ಇರಬಾರದು, ಬಟ್ಟೆ ಶುಭ್ರವಾಗಿರಬೇಕು, ಸಿಬ್ಬಂದಿಯ ಕೆಲಸಕ್ಕೆ ಅಡ್ಡ ಬರಬಾರದು. 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಬಸುರಿಗೆ ಬೇಕಾದವರು ಅವಳ ಜೊತೆಗಿರಲಿ ಎಂದಿದೆ, ನೋವಿಗೆ ಉಪಶಮನ ಬಯಸುವ ಆರೋಗ್ಯವಂತ ಬಸುರಿಗೆ ಮೈ ಸಡಿಲಿಸುವ, ಉಸಿರಾಡುವ ಕ್ರಮಗಳನ್ನು ಹೇಳಿದೆ.

ಆ ಸಂಜೆಯಿಂದ ದಿನವೂ ಅವಳೂ ನಾನೂ ಒಲೆಯ ಮುಂದೆ ಕೂತು ಆರಾರು ಉಸಿರು ಎಣಿಸಿದೆವು. ಮುಂದಿನ ತಪಾಸಣೆಗೆ ಹೋದಾಗ, ಹೆರಿಗೆ ಕೋಣೆಯಲ್ಲಿ ನಾನು ಜೊತೆಗಿರಲು ಅವಳೇ ಡಾಕ್ಟರನ್ನು ಕೇಳಿ ಒಪ್ಪಿಸಿ ಬಂದಳು. ಒಗೆದು ಮಡಿಸಿದ ಹತ್ತಿ ಸೀರೆಯೊಂದನ್ನು ನನ್ನ ಚೀಲದಲ್ಲಿಟ್ಟಿದ್ದೇನೆ. ನಿಮ್ಮ ಮನೆಯಲ್ಲೂ ಬಸುರಿ ಇದ್ದರೆ, ಒಳಗೆ ಅವಳ ಜೊತೆ ಯಾರು ಬರಬಹುದು ಎಂದು ನೋವು ಶುರುವಾಗುವ ಮುಂಚೆಯೇ ಆಸ್ಪತ್ರೆಯಲ್ಲಿ ಕೇಳಿಡಿ. ಅವಳ ಜೊತೆ ಉಸಿರು ಕಲಿತವರೇ ಆ ರಾತ್ರಿ ಪಕ್ಕದಲ್ಲಿರುವಂತೆ ನೋಡಿಕೊಳ್ಳಿ.