ಎರೆನಾಡಿನ ಹಟಮಾರಿ ಬಾಗಿಲುಗಳು

ವಿಜಯಪುರದ ಗೋಲಗುಂಬಜವನ್ನು ಕಂಡು ಅಲ್ಲಿಂದಲೇ ಹಿಂದಿರುಗುವ ಪ್ರವಾಸಿಗರು ಆ ಜಿಲ್ಲೆಯ ಒಂದು ಮುಖವನ್ನಷ್ಟೇ ನೋಡಿದವರು. ಗುಂಬಜದ ನೆರಳು ಮುಗಿದಲ್ಲಿಂದ ಮೂಡಲಿಗೆ ಇಂಡಿ, ಸಿಂದಗಿ, ಬಸವನ ಬಾಗೇವಾಡಿ, ಮುದ್ದೇಬಿಹಾಳಗಳ ಸೀಮೆ ಹಬ್ಬಿಕೊಂಡಿದೆ. ಬಡಗಲಿಗೆ ಭೀಮೆ, ತೆಂಕಲಿಗೆ ಕೃಷ್ಣೆ, ನಡುವೆ ಡೋಣಿ. ಈಚಿನ ವರ್ಷಗಳಲ್ಲಿ ಈ ತಾಲ್ಲೂಕುಗಳಿಂದ ಚಡಚಣ, ಆಲಮೇಲ, ತಾಳಿಕೋಟೆ, ನಿಡಗುಂದಿ ಮೊದಲಾದ ಹೊಸ ತಾಲ್ಲೂಕುಗಳು ಒಡೆದು ಬಂದಿದ್ದರೂ ನೆಲದ ಗುಣ ಮಾತ್ರ ಒಡೆದಿಲ್ಲ. ಎಲ್ಲೆಲ್ಲಿಯೂ ಅದೇ ವಿಶಾಲವಾದ ಬಯಲು, ಅದೇ ಕಪ್ಪು ಎರೆಮಣ್ಣು, ತಲೆಯ ಮೇಲೆ ಅದೇ ದೊಡ್ಡ ಆಕಾಶ.

ಈ ಸೀಮೆಯನ್ನು ಕಾರಿನಲ್ಲಿ ಸುತ್ತುವವರಿಗೆ ಒಂದು ಸಣ್ಣ ಸಂಗತಿ ಬೇಗನೆ ಅನುಭವಕ್ಕೆ ಬರುತ್ತದೆ. ಇಲ್ಲಿ ಬಾಗಿಲುಗಳಿಗೆ ಹಟ ಹೆಚ್ಚು. ಕಾರಿನ ಬಾಗಿಲಾಗಲಿ, ಮನೆಯ ಕದವಾಗಲಿ, ಒಂದು ಋತುವಿನಲ್ಲಿ ಸಲೀಸಾಗಿ ತೆರೆದದ್ದು ಇನ್ನೊಂದು ಋತುವಿನಲ್ಲಿ ಬಿಗಿದುಕೊಂಡು ನಿಲ್ಲುತ್ತದೆ. ಹಿಮ ಬೀಳುವ ನಾಡುಗಳಲ್ಲಿ ಬಾಗಿಲನ್ನು ಹಿಡಿದು ನಿಲ್ಲಿಸುವುದು ಚಳಿ. ಇಲ್ಲಿ ಆ ಕೆಲಸವನ್ನು ಮಣ್ಣು ಮಾಡುತ್ತದೆ. ಕಾರಣ ಬೇರೆಯಾದರೂ ಬಾಗಿಲನ್ನು ಒಲಿಸಿಕೊಳ್ಳುವ ಉಪಾಯಗಳಲ್ಲಿ ಆಶ್ಚರ್ಯಪಡುವಷ್ಟು ಹೋಲಿಕೆಯುಂಟು.

ಇಂಡಿಯ ಮುಂಜಾವು

ಇಂಡಿ ಎಂದೊಡನೆ ನೆನಪಾಗುವುದು ನಿಂಬೆ. ಬೇಸಿಗೆಯ ಬಿಸಿಲು 40 ಡಿಗ್ರಿಯನ್ನು ದಾಟುವ ಈ ಒಣನೆಲದಲ್ಲಿ ಬಾವಿಯ ನೀರನ್ನು ನಂಬಿ ರೈತರು ಎಬ್ಬಿಸಿದ ನಿಂಬೆಯ ತೋಟಗಳು ನೋಡುವವರ ಕಣ್ಣಿಗೆ ತಂಪನ್ನೀಯುತ್ತವೆ. ಇದೇ ತಾಲ್ಲೂಕಿನ ಸಾಲೋಟಗಿಗೆ ಇನ್ನೊಂದು ಕೀರ್ತಿಯಿದೆ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದ, ಕ್ರಿ.ಶ. 945ರ ಶಾಸನವೊಂದು ಇಲ್ಲಿ ನಡೆಯುತ್ತಿದ್ದ ವಿದ್ಯಾಶಾಲೆಯನ್ನೂ ವಿದ್ಯಾರ್ಥಿಗಳಿಗಾಗಿ ಇದ್ದ 27 ವಸತಿಗೃಹಗಳನ್ನೂ ಹೆಸರಿಸುತ್ತದೆ. ಸಾವಿರ ವರ್ಷಗಳ ಹಿಂದೆ ದೂರದೂರದಿಂದ ಬಂದ ಹುಡುಗರಿಗಾಗಿ ತೆರೆದಿದ್ದ ಆ ಮನೆಗಳ ಕದಗಳು ಇಂದು ಉಳಿದಿಲ್ಲ. ಶಾಸನದ ಕಲ್ಲು ಮಾತ್ರ ಉಳಿದಿದೆ.

ಮಾರ್ಗಶಿರ, ಪುಷ್ಯಮಾಸಗಳಲ್ಲಿ ಇಂಡಿಯ ಬೆಳಗು ನಿಜವಾಗಿ ಚಳಿಯ ಬೆಳಗೇ. ಬಯಲುಸೀಮೆಯಾದುದರಿಂದ ಹಗಲಿನ ಕಾವು ರಾತ್ರಿ ನಿಲ್ಲದೆ ಆಕಾಶಕ್ಕೆ ಹಾರಿಹೋಗುತ್ತದೆ. ಉಷ್ಣತೆ 10 ಡಿಗ್ರಿಯ ಆಸುಪಾಸಿಗೆ, ಕೆಲವು ವರ್ಷ ಅದಕ್ಕೂ ಕೆಳಗೆ ಇಳಿಯುತ್ತದೆ. ಕಂಬಳಿ ಹೊದ್ದ ಹಿರಿಯರು ಬೆಂಕಿಯ ಸುತ್ತ ಕುಳಿತಿರುತ್ತಾರೆ. ಅಂಗಳದಲ್ಲಿ ನಿಂತ ಕಾರಿನ ಮೈಯೆಲ್ಲ ಇಬ್ಬನಿ. ಆದರೂ ಆ ಇಬ್ಬನಿ ಇಲ್ಲಿ ಮಂಜುಗಡ್ಡೆಯಾಗುವುದಿಲ್ಲ. ಬಾಗಿಲು ತುಸು ಬಿಗಿಯಾಗಿದ್ದರೆ ಅದಕ್ಕೆ ಕಾರಣವನ್ನು ಬಾಗಿಲಿನ ಅಂಚಿನ ರಬ್ಬರಿನಲ್ಲಿ ಹುಡುಕಬೇಕು. ಹಗಲೆಲ್ಲ ಹಾರಿದ ನುಣ್ಣನೆಯ ಎರೆಧೂಳು ಅಲ್ಲಿ ಕುಳಿತಿರುತ್ತದೆ. ರಾತ್ರಿಯ ಇಬ್ಬನಿ ಸೇರಿ ಅದು ಕಣಕದಂತಾಗುತ್ತದೆ. ಮರುದಿನದ ಬಿಸಿಲಿಗೆ ಒಣಗಿ ಅಂಟುತ್ತದೆ. ಒದ್ದೆಬಟ್ಟೆಯಿಂದ ರಬ್ಬರನ್ನು ಒರೆಸಿ, ಆ ಬಳಿಕ ಒಣಬಟ್ಟೆಯಾಡಿಸಿದರೆ ಕಾಯಿಲೆ ಅಲ್ಲಿಗೆ ಮುಗಿಯಿತು.

ಸಿಂದಗಿಯ ಮಣ್ಣು

ಸಿಂದಗಿಯತ್ತ ಸಾಗಿದಂತೆ ಎರೆಯ ಆಳ ಹೆಚ್ಚುತ್ತದೆ. ಡೋಣಿಯ ನೀರು ಉಪ್ಪು, ಆದರೆ ಅದರ ದಂಡೆಯ ನೆಲ ಬಂಗಾರ. ಡೋಣಿ ಹರಿದರೆ ಓಣಿಯೆಲ್ಲ ಕಾಳು ಎಂಬ ಗಾದೆ ಹುಟ್ಟಿದುದು ಸುಮ್ಮನಲ್ಲ. ಮುಂಗಾರಿನ ಕೊನೆಗೆ ನೆನೆದ ಎರೆ ತನ್ನೊಡಲಲ್ಲಿ ತೇವವನ್ನು ತಿಂಗಳುಗಟ್ಟಲೆ ಹಿಡಿದಿಟ್ಟುಕೊಳ್ಳುತ್ತದೆ. ಆ ತೇವದ ಮೇಲೆಯೇ, ಹೆಚ್ಚಿನ ಮಳೆಯನ್ನು ಬೇಡದೆ, ಹಿಂಗಾರಿನ ಬಿಳಿಜೋಳ ಆಳೆತ್ತರ ಬೆಳೆಯುತ್ತದೆ. ನಾಡಿನ ಊಟದ ಎಲೆಗೆ ಬರುವ ಬಿಳಿಯ ರೊಟ್ಟಿಯ ಗುಟ್ಟು ಈ ಕಪ್ಪು ಮಣ್ಣಿನಲ್ಲಿದೆ.

ಅನ್ನ ಕೊಡುವ ಆ ಗುಣವೇ ಬಾಗಿಲಿಗೆ ವೈರಿ. ಎರೆಮಣ್ಣಿನಲ್ಲಿ ಮಾಂಟ್‌ಮಾರಿಲೊನೈಟ್ ಎಂಬ ಜೇಡಿಯ ಅಂಶ ಹೇರಳವಾಗಿದೆ. ಅದರ ಕಣಗಳು ಪುಸ್ತಕದ ಹಾಳೆಗಳಂತೆ ಪದರ ಪದರವಾಗಿರುತ್ತವೆ. ನೀರು ಈ ಪದರಗಳ ನಡುವೆ ಸೇರಿದಾಗ ಮಣ್ಣು ಉಬ್ಬುತ್ತದೆ. ನೀರು ಆರಿದಾಗ ಕುಗ್ಗಿ ಬಾಯಿ ಬಿಡುತ್ತದೆ. ಬೇಸಿಗೆಯಲ್ಲಿ ಈ ಹೊಲಗಳ ಬಿರುಕಿನೊಳಗೆ ಕೈ ತೂರಿಸಬಹುದು. ಮಳೆಗಾಲದಲ್ಲಿ ಅದೇ ಹೊಲದಲ್ಲಿ ಹೆಜ್ಜೆಯಿಟ್ಟರೆ ಮೆಟ್ಟು ಅಲ್ಲಿಯೇ ಉಳಿಯುತ್ತದೆ, ಕಾಲು ಮಾತ್ರ ಮೇಲೆ ಬರುತ್ತದೆ.

ಇಂಥ ಹೊಲದ ದಾರಿಯಲ್ಲಿ ಮಳೆಗೆ ಸಿಕ್ಕಿದ ಕಾರಿನ ಪಾಡನ್ನು ಊಹಿಸಬಹುದು. ಗಾಲಿಗೆ ಮೆತ್ತಿದ ಎರೆ ಉಂಡೆಗಟ್ಟುತ್ತ ಮೇಲೇರಿ ಬಾಗಿಲಿನ ಕೆಳಅಂಚಿನವರೆಗೂ ತುಂಬಿಕೊಳ್ಳುತ್ತದೆ. ಒಣಗಿದ ಮೇಲೆ ಅದು ಗಾರೆಯಿದ್ದಂತೆ. ಆಗ ಹಿಡಿಕೆಯನ್ನು ಜೋರಾಗಿ ಎಳೆಯುವುದು ಅವಿವೇಕ. ನೀರು ಚಿಮುಕಿಸಿ ಮಣ್ಣನ್ನು ಮೆದು ಮಾಡಿಕೊಂಡು ಕಟ್ಟಿಗೆಯ ಚಕ್ಕೆಯಿಂದ ತೆಗೆಯುವುದೇ ಕ್ರಮ. ಕಬ್ಬಿಣ ತಗಲಿದರೆ ಬಣ್ಣ ಕಿತ್ತು ತುಕ್ಕಿಗೆ ದಾರಿಯಾಗುತ್ತದೆ.

ಹೆಚ್ಚಿನ ಕಾರುಗಳ ಒಡೆಯರ ಗಮನಕ್ಕೆ ಬಾರದ ಸಂಗತಿ ಇನ್ನೊಂದುಂಟು. ಕಾರಿನ ಬಾಗಿಲು ಒಳಗೆ ಪೊಳ್ಳು. ಗಾಜಿನ ಪಕ್ಕದಿಂದ ಇಳಿದ ಮಳೆನೀರು ಹೊರಹೋಗಲೆಂದು ಅದರ ತಳದಲ್ಲಿ ಸಣ್ಣ ತೂತುಗಳಿರುತ್ತವೆ. ಎರೆಮಣ್ಣು ಆ ತೂತುಗಳನ್ನು ಮುಚ್ಚಿದರೆ ನೀರು ಒಳಗೇ ನಿಂತು ಬಾಗಿಲು ಬುಡದಿಂದ ತುಕ್ಕು ಹಿಡಿಯುತ್ತದೆ. ಮಳೆಗಾಲದಲ್ಲಿ ಆಗಾಗ ಬೇವಿನ ಕಡ್ಡಿಯೊಂದರಿಂದ ಆ ತೂತುಗಳನ್ನು ಬಿಡಿಸಿದರೆ ಮುಂದಿನ ಎಷ್ಟೋ ಖರ್ಚು ಉಳಿಯುತ್ತದೆ.

ಬಾಗೇವಾಡಿಯ ತಲೆಬಾಗಿಲು

ಬಸವನ ಬಾಗೇವಾಡಿ ಕನ್ನಡಿಗರಿಗೆ ಯಾತ್ರಾಸ್ಥಳ. ಹನ್ನೆರಡನೆಯ ಶತಮಾನದ ಬಸವಣ್ಣನವರು ಹುಟ್ಟಿದ ಊರೆಂದು ಪ್ರಸಿದ್ಧವಾದ ಇಲ್ಲಿಗೆ ಭಕ್ತರು ವರ್ಷವಿಡೀ ಬರುತ್ತಾರೆ. ಉಪನಯನವನ್ನು ಒಲ್ಲದೆ ಆ ಬಾಲಕ ತನ್ನ ಮನೆಯ ಹೊಸ್ತಿಲನ್ನು ದಾಟಿ ಕೃಷ್ಣಾ ಮಲಪ್ರಭೆಯರ ಕೂಡಲಸಂಗಮಕ್ಕೆ ನಡೆದನೆಂದು ಪರಂಪರೆ ಹೇಳುತ್ತದೆ. ಒಂದು ಬಾಗಿಲನ್ನು ದಾಟಿದ ಆ ನಡಿಗೆ ಕನ್ನಡನಾಡಿನ ಬಾಳನ್ನೇ ಬದಲಿಸಿತು.

ಈ ಊರಿನ ಹಳೆಯ ಓಣಿಗಳಲ್ಲಿ ಮಣ್ಣಿನ ಮಾಳಿಗೆಯ ಮನೆಗಳು ಇನ್ನೂ ಅಲ್ಲಲ್ಲಿ ಉಳಿದಿವೆ. ದಪ್ಪ ಗೋಡೆ, ತೊಲೆ ಜಂತಿ, ಬೆಳಕಿಂಡಿ, ಮುಂದೆ ಭಾರವಾದ ಕದದ ತಲೆಬಾಗಿಲು. ಶ್ರಾವಣ ಬಂತೆಂದರೆ ಆ ಕದ ಚೌಕಟ್ಟಿಗೆ ತಾಗತೊಡಗುತ್ತದೆ. ಸೊಸೆ ಕೊಡ ಹಿಡಿದು ಬಂದು ಭುಜದಿಂದ ತಳ್ಳುತ್ತಾಳೆ, ಮೊಮ್ಮಗ ಒದೆಯುತ್ತಾನೆ, ಬಡಿಗನನ್ನು ಕರೆಸಿ ಅಂಚನ್ನು ಹೆರೆಸಿಬಿಡೋಣವೆಂದು ಯಜಮಾನ ಹೇಳುತ್ತಾನೆ.

ಅನುಭವಿಯಾದ ಬಡಿಗನು ಕೂಡಲೇ ಉಜ್ಜುಗೊರಡನ್ನು ಕೈಗೆತ್ತಿಕೊಳ್ಳುವುದಿಲ್ಲ. ಮೊದಲು ಕದಕ್ಕೂ ಚೌಕಟ್ಟಿಗೂ ನಡುವಿನ ಸಂದನ್ನು ನೋಡುತ್ತಾನೆ. ಸಂದು ಎತ್ತರದುದ್ದಕ್ಕೂ ಒಂದೇ ಸಮನಾಗಿ ಬಿಗಿದಿದ್ದರೆ ಉಬ್ಬಿರುವುದು ಮರ. ಮರ ತೇವವನ್ನು ಕುಡಿದಾಗ ಅಗಲದಲ್ಲಿ ಹಿಗ್ಗುತ್ತದೆ, ಉದ್ದದಲ್ಲಿ ಹಿಗ್ಗುವುದು ತೀರ ಅತ್ಯಲ್ಪ. ಮೇಲಿನ ಒಂದು ಮೂಲೆಯಲ್ಲಿ ಬಿಗಿದು ಅದರ ಪಕ್ಕದ ಮೂಲೆಯಲ್ಲಿ ಬೆರಳು ತೂರುವಷ್ಟು ಸಂದು ಬಿಟ್ಟಿದ್ದರೆ ತಪ್ಪು ಕದದ್ದಲ್ಲ. ಕೆಳಗಿನ ಎರೆ ಅಲುಗಿ ಗೋಡೆಯೊಂದಿಗೆ ಚೌಕಟ್ಟೇ ಓರೆಯಾಗಿದೆ.

ಮರ ಉಬ್ಬಿದ್ದಕ್ಕೆ ಮಳೆಗಾಲದಲ್ಲಿಯೇ ಕದವನ್ನು ಹೆರೆದರೆ ಏನಾಗುತ್ತದೆ? ಫಾಲ್ಗುಣದ ಬಿಸಿಲಿಗೆ ಅದೇ ಕದ ಕುಗ್ಗಿ, ಸಂದಿಯಲ್ಲಿ ಧೂಳೂ ಚೇಳೂ ಒಳಬರುವಂತಾಗುತ್ತದೆ. ಹೆರೆದ ಮರ ಮತ್ತೆ ಬೆಳೆಯುವುದಿಲ್ಲ. ಆದುದರಿಂದ ತಾಗುವ ಅಂಚಿಗೆ ಮೇಣವನ್ನೋ ಸಾಬೂನನ್ನೋ ತಿಕ್ಕಿ ಮಳೆಗಾಲವನ್ನು ಕಳೆಯುವುದು ಲೇಸು. ಬೇಸಿಗೆಯಲ್ಲಿ ಮರ ಒಣಗಿದಾಗ, ಎಲ್ಲರೂ ಬಣ್ಣ ಹಚ್ಚಲು ಮರೆಯುವ ಮೇಲಂಚು ಕೆಳಅಂಚುಗಳಿಗೂ ಎಣ್ಣೆ ಅಥವಾ ಬಣ್ಣವನ್ನು ಕುಡಿಸಬೇಕು. ಮರ ನೀರನ್ನು ಹೆಚ್ಚಾಗಿ ಹೀರುವುದು ಕಡಿದ ತುದಿಗಳಿಂದಲೇ.

ನೆಲವೇ ಅಲುಗಿದ್ದರೆ ಮಾತು ಬೇರೆ. ಎರೆಯ ಮೇಲೆ ಮನೆ ಕಟ್ಟುವವರು ಹಿಂದಿನಿಂದಲೂ ಮೇಲಿನ ಕಪ್ಪು ಮಣ್ಣನ್ನು ತೋಡಿ ತೆಗೆದು ಗರಸನ್ನು ತುಂಬಿಸುತ್ತ ಬಂದಿದ್ದಾರೆ. ಕಟ್ಟಡ ಸಂಶೋಧನೆಗಾಗಿಯೇ ಇರುವ ರೂರ್ಕಿಯ ಕೇಂದ್ರ ಸಂಸ್ಥೆಯು ಇಂಥ ನೆಲಕ್ಕೆಂದು ಬುಡದಲ್ಲಿ ಗಡ್ಡೆಯಂತೆ ಉಬ್ಬಿದ ಕಾಂಕ್ರೀಟು ಕಂಬಗಳ ಅಡಿಪಾಯವನ್ನು ರೂಪಿಸಿತು. ಋತು ಬದಲಾದರೂ ತೇವ ಬದಲಾಗದಷ್ಟು ಆಳಕ್ಕೆ ಈ ಕಂಬಗಳು ಇಳಿಯುತ್ತವೆ. ಮೇಲಿನ ಮಣ್ಣು ಉಸಿರಾಡುವಂತೆ ಏರಿಳಿದರೂ ಮನೆ ಅಲುಗುವುದಿಲ್ಲ. ಸಾಮಾನ್ಯ ಸಂಸಾರಿಗರಿಗೆ ಇದಕ್ಕಿಂತ ಅಗ್ಗದ ಎಚ್ಚರವೂ ಒಂದಿದೆ: ಬಚ್ಚಲಿನ ನೀರು ಗೋಡೆಯ ಬುಡದಲ್ಲಿ ಇಂಗದಂತೆ ದೂರಕ್ಕೆ ಹರಿಯಿಸುವುದು.

ಹಿಮದ ನಾಡಿನಲ್ಲಿ

ಇಂದು ಕನ್ನಡನಾಡಿನ ಎಷ್ಟೋ ಮನೆಗಳ ಮಕ್ಕಳು ನೀರೇ ಕಲ್ಲಾಗುವ ದೇಶಗಳಲ್ಲಿ ಸಂಸಾರ ಹೂಡಿದ್ದಾರೆ. ಷಿಕಾಗೊದಲ್ಲಿ ವಿದ್ಯಾರಣ್ಯ ಕನ್ನಡ ಕೂಟ, ಮಿಶಿಗನ್ನಿನಲ್ಲಿ ಪಂಪ ಕನ್ನಡ ಕೂಟ ಇರುವುದೆಂದರೆ ಅಲ್ಲಿಯ ಚಳಿಯನ್ನು ಕನ್ನಡದ ಮನೆಗಳು ಎಂದೋ ಒಗ್ಗಿಸಿಕೊಂಡಿವೆ ಎಂದೇ ಅರ್ಥ. 2019ರ ಜನವರಿಯ ಕೊನೆಯಲ್ಲಿ ಷಿಕಾಗೊದ ಉಷ್ಣತೆ ಸೊನ್ನೆಗಿಂತ 30 ಡಿಗ್ರಿ ಕೆಳಕ್ಕಿಳಿದಿತ್ತು. ಬೇಸಿಗೆಯ 42 ಡಿಗ್ರಿಯನ್ನು ಕಂಡ ಎರೆನಾಡಿನ ತಂದೆತಾಯಿಗಳು ಅಂಥ ಊರಿಗೆ ಮಗನ ಮನೆಯೆಂದು ಹೋದರೆನ್ನಿ. ಬೆಳಗ್ಗೆ ಮೊಮ್ಮಗಳನ್ನು ಶಾಲೆಗೆ ಬಿಡಬೇಕು. ಕಾರಿನ ಬಾಗಿಲು ಬರುವುದಿಲ್ಲ. ಅತ್ತೆಯವರಿಗೆ ಹೊಳೆಯುವ ಮೊದಲ ಉಪಾಯ, ಒಲೆಯ ಮೇಲಿನ ಬಿಸಿನೀರು.

ಅದೊಂದನ್ನು ಮಾತ್ರ ಮಾಡಬಾರದು. ಹಿಮದಷ್ಟು ತಣ್ಣಗಿರುವ ಗಾಜಿನ ಮೇಲೆ ಕುದಿನೀರು ಬಿದ್ದರೆ ಗಾಜು ಸೀಳಬಹುದು. ಹರಿದಿಳಿದ ನೀರು ಕೀಲುಗಳಿಗೂ ಬೀಗಕ್ಕೂ ಸೇರಿ ಕೆಲವೇ ನಿಮಿಷಗಳಲ್ಲಿ ಮತ್ತೆ ಹೆಪ್ಪುಗಟ್ಟುತ್ತದೆ. ಒಂದು ಪಾಲಿದ್ದ ಮಂಜುಗಡ್ಡೆ ಎರಡು ಪಾಲಾಗುತ್ತದೆ.

ಅಲ್ಲಿ ನಡೆದಿರುವುದು ಇಷ್ಟು. ಬಾಗಿಲಿನ ಸುತ್ತಲಿನ ರಬ್ಬರಿಗೂ ಕಾರಿನ ಲೋಹಕ್ಕೂ ನಡುವೆ ಕರಗಿದ ಹಿಮದ ಅಥವಾ ತೊಳೆದ ನೀರಿನ ತೆಳುಪೊರೆ ಸೇರಿರುತ್ತದೆ. ರಾತ್ರಿ ಅದು ಹೆಪ್ಪುಗಟ್ಟಿ ಎರಡನ್ನೂ ಬೆಸೆಯುತ್ತದೆ. ಹಿಡಿಕೆಯನ್ನು ಜಗ್ಗಿದರೆ ಮಂಜು ಬಿಡುವ ಮೊದಲೇ ರಬ್ಬರು ಹರಿಯಬಹುದು, ಚಳಿಗೆ ಪೆಡಸಾದ ಪ್ಲಾಸ್ಟಿಕ್ಕಿನ ಹಿಡಿಕೆಯೇ ಕೈಗೆ ಬರಬಹುದು. ಬದಲಾಗಿ ಬಾಗಿಲನ್ನು ಅಂಗೈಗಳಿಂದ ಒಳಮುಖವಾಗಿ, ಅಂಚಿನುದ್ದಕ್ಕೂ ಅಲ್ಲಲ್ಲಿ ಒತ್ತಬೇಕು. ರಬ್ಬರು ಬಾಗುತ್ತದೆ, ಮಂಜುಗಡ್ಡೆ ಬಾಗಲಾರದೆ ಪುಡಿಯಾಗುತ್ತದೆ. ಬಾಗೇವಾಡಿಯ ಮಾತಿನಲ್ಲಿ ಹೇಳುವುದಾದರೆ, “ಜಗ್ಗಬ್ಯಾಡ್ರಿ, ಒತ್ರಿ.” ಒಂದು ಬಾಗಿಲು ಒಲಿಯದಿದ್ದರೆ ಇನ್ನೊಂದನ್ನು ನೋಡಬೇಕು, ಬಿಸಿಲು ಬಿದ್ದ ಪಕ್ಕದ ಬಾಗಿಲು ಮೊದಲು ಬಿಡುವುದುಂಟು. ಒಳಗೆ ಸೇರಿ ಎಂಜಿನ್ನನ್ನು ನಡೆಸಿ ಬಿಸಿಗಾಳಿ ಬಿಟ್ಟರೆ ಉಳಿದವು ತಾವಾಗಿ ತೆರೆಯುತ್ತವೆ. ಬೀಗದ ರಂಧ್ರವೇ ಹೆಪ್ಪುಗಟ್ಟಿದ್ದರೆ ಅದಕ್ಕೆಂದೇ ಸಿಗುವ ಆಲ್ಕೊಹಾಲಿನ ದ್ರವ ಅದನ್ನು ಕರಗಿಸುತ್ತದೆ.

ಜಾಣರು ಈ ಕಾದಾಟದವರೆಗೂ ಹೋಗುವುದಿಲ್ಲ. ಚಳಿಗಾಲಕ್ಕೆ ಮುನ್ನವೇ ರಬ್ಬರನ್ನು ಒರೆಸಿ ಒಣಗಿಸಿ ಸಿಲಿಕೋನಿನ ತೆಳುಲೇಪ ಕೊಟ್ಟಿರುತ್ತಾರೆ. ನೀರು ಅಲ್ಲಿ ನಿಲ್ಲುವುದಿಲ್ಲ. ಎಂಜಿನ್ನಿನ ಎಣ್ಣೆಯನ್ನು ಹಚ್ಚುವುದು ತಪ್ಪು, ಅದು ರಬ್ಬರನ್ನು ಉಬ್ಬಿಸಿ ಕೆಡಿಸುತ್ತದೆ. ಕಾರನ್ನು ತೊಳೆದ ದಿನ ಬಾಗಿಲಿನ ಅಂಚುಗಳನ್ನು ಒರೆಸದೆ ಮಲಗುವುದಿಲ್ಲ. ಈ ಸಿಲಿಕೋನಿನ ಲೇಪ ಇಂಡಿಯ ಬಿಸಿಲಿಗೂ ಅಷ್ಟೇ ಹಿತ: ಅಲ್ಲಿ ಹಿಮಕ್ಕೆ ಅಂಟುವ ರಬ್ಬರು ಇಲ್ಲಿ ಕಾವಿಗೆ ಅಂಟುತ್ತದೆ.

ಮುದ್ದೇಬಿಹಾಳದ ದಾರಿ

ಬಾಗೇವಾಡಿಯಿಂದ ನಿಡಗುಂದಿಯ ಕಡೆಗೆ ಇಳಿದು ಮುದ್ದೇಬಿಹಾಳಕ್ಕೆ ಹೊರಟವರಿಗೆ ಬಲಗಡೆ ದೂರದಲ್ಲಿ ಆಲಮಟ್ಟಿಯ ಅಣೆಕಟ್ಟು ಕಾಣಿಸುತ್ತದೆ. 1964ರಲ್ಲಿ ಲಾಲ್ ಬಹಾದುರ್ ಶಾಸ್ತ್ರಿಯವರು ಅಡಿಗಲ್ಲನ್ನಿಟ್ಟ ಯೋಜನೆಯಿದು. ಕೃಷ್ಣೆಗೆ ಇಲ್ಲಿ 26 ಬಾಗಿಲುಗಳು. ಈ ಸೀಮೆಯ ಎಲ್ಲ ಬಾಗಿಲುಗಳಿಗಿಂತ ದೊಡ್ಡವೂ ಹೊಣೆಯುಳ್ಳವೂ ಇವೇ. ಜಲಾಶಯದ ನೀರು ನಿಂತಾಗ ಎಷ್ಟೋ ಊರುಗಳು ಮುಳುಗಿದವು. ಮನೆ ಬಿಟ್ಟು ಹೊರಟವರು ಮಣ್ಣಿನ ಗೋಡೆಗಳನ್ನು ಹೊಳೆಗೆ ಬಿಟ್ಟು ತೊಲೆ, ಕದ, ಚೌಕಟ್ಟುಗಳನ್ನು ಕಿತ್ತು ಒಯ್ದರು. ಗೋಡೆಯನ್ನು ಹೊಸದಾಗಿ ಎಬ್ಬಿಸಬಹುದು; ಅಜ್ಜ ಮಾಡಿಸಿದ ತಲೆಬಾಗಿಲನ್ನು ಮತ್ತೆ ಮಾಡಿಸಲಾಗದು.

ಹೊಳೆಯ ಬಾಗಿಲು ಹಟ ಹಿಡಿದರೆ ಅದು ಒಂದು ಮನೆಯ ತೊಂದರೆಯಾಗಿ ಉಳಿಯುವುದಿಲ್ಲ. 2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆಯ ಬಳಿಯ ತುಂಗಭದ್ರಾ ಜಲಾಶಯದಲ್ಲಿ 19ನೆಯ ಬಾಗಿಲು ಸರಪಳಿ ತುಂಡಾಗಿ ಕೊಚ್ಚಿಹೋಯಿತು. ಇಡೀ ನಾಡು ಉಸಿರು ಬಿಗಿಹಿಡಿದು ನೋಡಿತು. ರೈತರ ಬೆಳೆಯ ನೀರು ದಿನಗಟ್ಟಲೆ ಹರಿದುಹೋದ ಮೇಲೆ, ಹರಿಯುವ ನೀರಿನಲ್ಲಿಯೇ ಉಕ್ಕಿನ ತಡೆಗಳನ್ನಿಳಿಸಿ ಆ ಬಾಯಿಯನ್ನು ಮುಚ್ಚಲಾಯಿತು. ಅಣೆಕಟ್ಟಿನ ಬಾಗಿಲಿಗೂ ಅಂಚಿನಲ್ಲಿ ರಬ್ಬರಿದೆ, ಅದರ ಕೀಲುಗಳೂ ಜಿಡ್ಡನ್ನು ಬೇಡುತ್ತವೆ. ಮಳೆ ಬರುವ ಮುನ್ನ ಅವನ್ನು ಎತ್ತಿಳಿಸಿ ನೋಡುವ ಕ್ರಮ ಇರುವುದು ಇದಕ್ಕಾಗಿಯೇ.

ಮುದ್ದೇಬಿಹಾಳವನ್ನು ಸೇರುವ ಹೊತ್ತಿಗೆ ಸಂಜೆಯಾಗಿರುತ್ತದೆ. ಜೋಳದ ಹೊಲಗಳ ಮೇಲೆ ತಂಪುಗಾಳಿ ಬೀಸತೊಡಗುತ್ತದೆ. ಓಣಿಯ ಕಟ್ಟೆಗಳ ಮೇಲೆ ಕುಳಿತ ಹಿರಿಯರು ದಾರಿಯ ಕಾರನ್ನು ಕಂಡು, “ಬರ್ರಿ, ಚಾ ಕುಡದು ಹೋಗ್ರಿ” ಎಂದು ಕರೆಯುತ್ತಾರೆ. ಅವರ ಹಿಂದೆ ತಲೆಬಾಗಿಲು ಅರ್ಧ ತೆರೆದಿರುತ್ತದೆ. ಕೆಲವೊಮ್ಮೆ ಅದು ಅಷ್ಟೇ ತೆರೆಯುವುದು. ಒಳಹೋಗಲು ಅಷ್ಟು ಸಾಕು.