ಸ್ಟಿಂಗರ್ ಕೊಟ್ಟುಬಿಟ್ಟೆ

ನನ್ನ ಕಿಯಾ ಸ್ಟಿಂಗರ್ ಜಿಟಿ ನಿನ್ನೆ ಫುಡ್ ಬ್ಯಾಂಕಿನ ಪಾಲಾಯ್ತು. 3.3 ಲೀಟರ್ ವಿ6, ಎರಡು ಟರ್ಬೊ, 365 ಅಶ್ವಶಕ್ತಿ... 2023ರಲ್ಲಿ ಕಿಯಾ ಇದನ್ನ ಮಾಡೋದನ್ನೇ ನಿಲ್ಲಿಸಿತು. "ಇಟ್ಕೊಳೋ ಮಾರಾಯ, ಮುಂದೆ ರೇಟು ಬರತ್ತೆ" ಅಂದವರೇ ಎಲ್ಲ. ಊರಿಗೆ ವಾಪಸ್ ಹೊರಟವನು ಎಲ್ಲಿಡ್ಲಿ? ಎಡಗಡೆ ಸ್ಟೀರಿಂಗಿನ ಹಳೇ ಕಾರನ್ನ ಇಂಡಿಯಾಕ್ಕೆ ತರೋ ಹಾಗೂ ಇಲ್ಲ.

ಅಪ್ಪ ಫೋನಲ್ಲಿ, "ಸಾಲ ತೀರಿದ ಗಾಡೀನ ಮಾರೋದು ಬಿಟ್ಟು ಸುಮ್ನೆ ಕೊಡ್ತಾರೇನೋ? ಟ್ಯಾಕ್ಸಾದ್ರೂ ಉಳಿಯತ್ತಾ?" ಅಂದ್ರು.

ಉಳಿಯಲ್ಲ. 2005ರಿಂದ ಇಲ್ಲಿ ನಿಯಮ ಬಿಗಿಯಾಗಿದೆ. ಸಂಸ್ಥೆ ಕಾರನ್ನ ಹರಾಜಿಗೆ ಹಾಕಿದ್ರೆ ಸಾಮಾನ್ಯವಾಗಿ ಅಲ್ಲಿ ಸಿಕ್ಕಿದಷ್ಟಕ್ಕೇ ವಿನಾಯ್ತಿ, ನಾವಂದ್ಕೊಂಡ ಬೆಲೆಗಲ್ಲ. ಸ್ಟ್ಯಾಂಡರ್ಡ್ ಡಿಡಕ್ಷನ್ ತಗೊಳ್ಳೋ ನನ್ನಂಥವರಿಗೆ ಅದೂ ಇಲ್ಲ.

ಹೋದ ವರ್ಷ ಕೆಲಸ ಹೋಗಿ, ಇದೇ ಕಾರಿನ ಕಂತು ಕಟ್ಟಿ ಕೈ ಖಾಲಿಯಾಗಿದ್ದಾಗ, ಎರಡು ತಿಂಗಳು ಅಕ್ಕಿ-ಬೇಳೆ ಕೊಟ್ಟಿದ್ದು ಆ ಫುಡ್ ಬ್ಯಾಂಕು. ಅಪ್ಪನಿಗೆ ಅದನ್ನ ಆಗ ಹೇಳಿರ್ಲಿಲ್ಲ. "ನಿಲ್ಲಿಸೋಕೆ ಜಾಗ ಇಲ್ಲಪ್ಪ" ಅಂದು ಮಾತು ಬದಲಿಸಿದೆ.