ಎಫ್ 1 ಒತ್ತಿದ ಎಂಟು ಬೆಳಗು

ಕಾಪುವಿನಲ್ಲಿ ಮಳೆಗಾಲ ಶುರುವಾಯಿತೆಂದರೆ ರಾತ್ರಿ ಮಲಗುವ ಮುಂಚೆ ಟಿ.ವಿ., ಮೋಡೆಮ್, ಕಂಪ್ಯೂಟರುಗಳ ಪ್ಲಗ್ ಕಿತ್ತಿಡುವುದು ಗ್ಯಾಸ್ ಬಂದ್ ಮಾಡಿದಷ್ಟೇ ಕಡ್ಡಾಯ. ಸ್ವಿಚ್ ಆಫ್ ಮಾಡಿದರೆ ಸಾಲದು. ಒಂದೇ ಸಿಡಿಲಿಗೆ ಓಣಿಯ ಮೋಡೆಮ್‌ಗಳೆಲ್ಲ ಒಟ್ಟಿಗೆ ಸತ್ತದ್ದನ್ನು ಕಂಡವರು ನಾವು. 2024ರ ಜೂನ್ 4ರ ರಾತ್ರಿ ಗುಡುಗು ಜೋರಿತ್ತು. ಆ ವರ್ಷ ಮೊದಲ ಸಲ ಪ್ಲಗ್ ಕಿತ್ತೆ. ಮರುದಿನ ಬೆಳಿಗ್ಗೆಯಿಂದ ಇಮೇಲ್ ತೆರೆಯಲಿಲ್ಲ.

ನನ್ನ ಕಂಪ್ಯೂಟರು ನಿವೃತ್ತಿಯ ದುಡ್ಡಿನಲ್ಲಿ 2010ರಲ್ಲಿ ಕೊಂಡದ್ದು. ವಿಂಡೋಸ್ 7, ಎರಡು ಜಿ.ಬಿ. ರ‍್ಯಾಮ್. ಕಡಲ ಉಪ್ಪುಗಾಳಿಗೆ ಪೆಟ್ಟಿಗೆಯ ಬೆನ್ನು ಪೂರ್ತಿ ತುಕ್ಕು. ಆದರೂ ಬಿಡದೆ ದುಡಿಯುತ್ತಿತ್ತು. ನಮ್ಮ ಶಾಲೆಯ ಶತಮಾನೋತ್ಸವದ ಸ್ಮರಣ ಸಂಚಿಕೆಯನ್ನು, “ಪುರುಸೊತ್ತು ಇರುವುದು ನಿಮಗೊಬ್ಬರಿಗೇ ಅಲ್ವಾ ಮಾಷ್ಟ್ರೆ” ಎಂದು ಸಮಿತಿಯವರು ನನ್ನ ತಲೆಗೆ ಕಟ್ಟಿದ್ದರು. ಲೇಖನಗಳೆಲ್ಲ ಆ ಪೆಟ್ಟಿಗೆಯೊಳಗೆ, ಮಣಿಪಾಲದ ಪ್ರೆಸ್ಸಿನಿಂದ ಕರಡಚ್ಚು ಬರುವುದು ಇಮೇಲಿನಲ್ಲಿ.

“ಮೊಬೈಲಿನಲ್ಲಿ ನೋಡಬಹುದಲ್ಲ” ಎಂದು ಕೇಳದವರಿಲ್ಲ. ಬಂದದ್ದನ್ನು ನೋಡಬಹುದಿತ್ತು, ಕಳಿಸುವುದು ಹೇಗೆ? ನಾನು ಟೈಪ್ ಮಾಡಿದ್ದು ಹಳೆಯ ‘ನುಡಿ’ ತಂತ್ರಾಂಶದಲ್ಲಿ. ಆ ಕಡತವನ್ನು ಮೊಬೈಲಿನಲ್ಲಿ ತೆರೆದರೆ ಕನ್ನಡದ ಒಂದಕ್ಷರವೂ ಇಲ್ಲ, ರೋಮನ್ ಅಕ್ಷರ, ಟೊಪ್ಪಿ, ಕೊಂಬುಗಳ ಚಿತ್ರಾನ್ನ. ನುಡಿಯ ಕೀಲಿಮಣೆ ವಿನ್ಯಾಸದ ಮೂಲಪುರುಷ ಕೆ.ಪಿ. ರಾವ್ ನಮ್ಮ ಮಣಿಪಾಲದವರೇ. ಅದಕ್ಕೆ ಒಗ್ಗಿದ ಬೆರಳುಗಳನ್ನು ಎಪ್ಪತ್ತರ ವಯಸ್ಸಿನಲ್ಲಿ ಬೇರೆ ಕಡೆಗೆ ತಿರುಗಿಸುವುದು ನನ್ನಿಂದಾಗದ ಕೆಲಸ.

ಮೊದಲ ಬೆಳಗು ಆದದ್ದಿಷ್ಟು. ಕಂಪ್ಯೂಟರು ಆನ್ ಮಾಡಿದ ಕೂಡಲೇ ಕಪ್ಪು ಪರದೆಯ ಮೇಲೆ ಇಂಗ್ಲಿಷಿನಲ್ಲಿ ಎರಡು ಸಾಲು, ಕೆಳಗೆ ‘ಮುಂದುವರಿಯಲು ಎಫ್ 1 ಒತ್ತಿ’. ಒತ್ತಿದೆ. ಇಮೇಲ್ ತೆರೆಯಹೋದರೆ ಪುಟದ ಬದಲು ಒಂದು ಎಚ್ಚರಿಕೆ: ನಿಮ್ಮ ಗಡಿಯಾರ ಹಿಂದಿದೆ. ತಲೆಯೆತ್ತಿ ಗೋಡೆ ಗಡಿಯಾರ ನೋಡಿದೆ, ಏಳೂ ನಲವತ್ತು. ಮೊಬೈಲಿನಲ್ಲೂ ಏಳೂ ನಲವತ್ತು. ಆನ್‌ಲೈನ್ ವಂಚನೆಯ ಸುದ್ದಿ ಓದಿ ಓದಿ ಹೆದರಿದ್ದ ನನಗೆ ಇದು ಅಂಥದ್ದೇ ಯಾವುದೋ ಗಾಳ ಅನ್ನಿಸಿತು. ಪೂರ್ತಿ ಓದದೆ ಮುಚ್ಚಿಬಿಟ್ಟೆ. ಓದಿದ್ದರೆ ಈ ಬರಹದ ಅಗತ್ಯವೇ ಇರಲಿಲ್ಲ.

ಎರಡನೇ ದಿನ ಇಂಟರ್ನೆಟ್ಟಿನ ಹುಡುಗ ಬಂದ. ಮೋಡೆಮ್ ಆಫ್ ಮಾಡಿ ಆನ್ ಮಾಡಿದ. “ಲೈನ್ ಸರಿ ಉಂಟು ಮಾಷ್ಟ್ರೆ, ಕಂಪ್ಯೂಟರಿಗೇ ಎಂತದೋ ಆಗಿದೆ” ಎಂದು ಹೋದ. ಅವನು ಹೇಳಿದ್ದು ಸುಳ್ಳಲ್ಲ. ಒಂದೆರಡು ಹಳೇ ಕಾಲದ ವೆಬ್‌ಸೈಟುಗಳು ತೆರೆಯುತ್ತಿದ್ದವು, ಇಮೇಲ್ ಮಾತ್ರ ಜಪ್ಪಯ್ಯ ಅಂದರೂ ಇಲ್ಲ.

ನಾಲ್ಕನೇ ದಿನ ಪೆಟ್ಟಿಗೆಯನ್ನು ಗೊಬ್ಬರದ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಉಡುಪಿಗೆ ಹೋದೆ. ಹೆದ್ದಾರಿಯಲ್ಲಿ ಹದಿಮೂರು ಕಿಲೋಮೀಟರು. ಕಿಟಕಿಯ ಟಾರ್ಪಲಿನ ಸಂದಿನಿಂದ ನೀರು ಚಿಮ್ಮುತ್ತಿತ್ತು, ಮಗುವಿಗೆ ಹಿಡಿದಂತೆ ಪೆಟ್ಟಿಗೆಗೇ ಕೊಡೆ ಹಿಡಿದೆ. ಅಂಗಡಿಯ ಯುವಕ ಚೀಲ ಬಿಚ್ಚಿ ನೋಡಿ ನಕ್ಕ. “ಇದನ್ನು ಮಣಿಪಾಲದ ಹೆರಿಟೇಜ್ ವಿಲೇಜಿಗೆ ಕೊಡಿ ಸರ್, ಹಳೇ ಮನೆಗಳ ಒಟ್ಟಿಗೆ ಇಡ್ತಾರೆ.” ಆಮೇಲೆ ಆಂಟಿವೈರಸ್ ಓಡಿಸಿ, ಏನೂ ಸಿಗದೆ, ಏಳುನೂರು ರೂಪಾಯಿ ತೆಗೆದುಕೊಂಡ. ಫಾರ್ಮ್ಯಾಟ್ ಮಾಡಿದರೆ ಸರಿಯಾದೀತು, ಇಲ್ಲದಿದ್ದರೆ ಹೊಸತು ತಗೊಳ್ಳಿ ಎಂದ. ಫಾರ್ಮ್ಯಾಟ್ ಅಂದರೆ ಹದಿನಾಲ್ಕು ವರ್ಷದ ಬರಹವನ್ನು ತೊಳೆದುಬಿಡುವುದು. ಪೆಟ್ಟಿಗೆಯನ್ನು ಮತ್ತೆ ಚೀಲಕ್ಕೆ ಹಾಕಿದೆ.

ಆರನೇ ದಿನ ಮಣಿಪಾಲ. ಅಲ್ಲಿ ಕೆಲಸದಲ್ಲಿರುವ ನನ್ನ ಹಳೇ ವಿದ್ಯಾರ್ಥಿಯೊಬ್ಬ ಸಮಾಧಾನದಿಂದ ಕೇಳಿಸಿಕೊಂಡ. ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್ 2020ರ ಜನವರಿ 14ಕ್ಕೇ ಕೈ ಎತ್ತಿದೆಯಂತೆ. ಕ್ರೋಮ್ ಬ್ರೌಸರು 2023ರಲ್ಲಿ 109ನೇ ಆವೃತ್ತಿಗೆ ನಿಂತಿದೆ, ಅದರಿಂದ ಮುಂದಿನದು ನನ್ನ ಯಂತ್ರದಲ್ಲಿ ಕೂರುವುದಿಲ್ಲ. “ಫೈರ್‌ಫಾಕ್ಸ್ 115 ನಡೀತದೆ, ಹಾಕಿ ನೋಡಿ” ಎಂದು ಪೆನ್‌ಡ್ರೈವಿಗೆ ತುಂಬಿಸಿ ಕೊಟ್ಟ. ಮನೆಗೆ ಬಂದು ಹಾಕಿದೆ. ಅದೂ ಅದೇ ರಾಗ ಹಾಡಿತು. ಆ ರಾತ್ರಿ ನಾನು ಊಟ ಬಿಟ್ಟದ್ದನ್ನು ಮನೆಯವಳು ಇಂದಿಗೂ ಎಲ್ಲರ ಮುಂದೆ ಹೇಳುತ್ತಾಳೆ.

ಜೂನ್ 12, ಎಂಟನೇ ಬೆಳಗು. ಅಷ್ಟರಲ್ಲಿ ಎಫ್ 1 ಒತ್ತುವುದು ದೇವಸ್ಥಾನದ ಗಂಟೆ ಹೊಡೆದಂತೆ ಅಭ್ಯಾಸವಾಗಿತ್ತು. ಇನ್ನು ಯಂತ್ರದ ಹಂಗು ಬೇಡ ಎಂದು ಲೇಖನಗಳನ್ನು ಪೆನ್‌ಡ್ರೈವಿಗೆ ಹಾಕಿಕೊಂಡು, ಶಿರ್ವ, ಬೆಳ್ಮಣ್ ದಾರಿಯಾಗಿ ಕಾರ್ಕಳದ ಅಕ್ಕನ ಮನೆಗೆ ಹೋದೆ. ಅಲ್ಲೇ ಪೇಟೆಯಲ್ಲಿ ಮದುವೆ ಕಾಗದ, ಯಕ್ಷಗಾನದ ಕರಪತ್ರ ಮಾಡಿಕೊಡುವ ಡಿ.ಟಿ.ಪಿ. ಅಂಗಡಿಯೊಂದಿದೆ, ನಡೆಸುವವರು ನಡುವಯಸ್ಸಿನ ಹೆಂಗಸು. ಅವರ ಮೂರು ಕಂಪ್ಯೂಟರುಗಳೂ ನನ್ನದರ ಓರಗೆಯವು. ಲೇಖನಗಳನ್ನು ಪಿ.ಡಿ.ಎಫ್. ಮಾಡುತ್ತ ನನ್ನ ಗೋಳು ಕೇಳಿ, ತಿರುಗಿಯೂ ನೋಡದೆ ಕೇಳಿದರು: “ಆನ್ ಮಾಡುವಾಗ ಎಫ್ 1 ಕೇಳ್ತದಾ ಮಾಷ್ಟ್ರೆ?”

“ಕೇಳ್ತದೆ. ದಿನಾ ಒತ್ತುತ್ತೇನೆ.”

“ಕೆಳಗೆ ಬಲಬದಿಯಲ್ಲಿ ತಾರೀಕು ಎಷ್ಟು ಉಂಟು ನೋಡಿದ್ದೀರಾ?”

ನೋಡಿರಲಿಲ್ಲ. ಮನೆಗೆ ಫೋನು ಮಾಡಿದೆ. ಮನೆಯವಳು ಕನ್ನಡಕ ಹುಡುಕಿ, ಪರದೆಯ ಹತ್ತಿರ ಹೋಗಿ ಓದಿದಳು: “ಶುಕ್ರವಾರ. ಒಂದು, ಒಂದು, ಎರಡು ಸಾವಿರದ ಹತ್ತು. ಇವತ್ತು ಬುಧವಾರ ಅಲ್ವಾ?”

ಸಂಗತಿ ಇಷ್ಟೇ. ಕಂಪ್ಯೂಟರಿನ ಮದರ್‌ಬೋರ್ಡಿನಲ್ಲಿ ಗಡಿಯಾರ ನಡೆಸಲಿಕ್ಕೆಂದೇ ಒಂದು ಬಿಲ್ಲೆ ಬ್ಯಾಟರಿ ಇರುತ್ತದೆ. ನನ್ನದು ಯಾವತ್ತೋ ಸತ್ತಿತ್ತು. ಬೇಸಗೆಯಲ್ಲಿ ಪ್ಲಗ್ ಗೋಡೆಯಲ್ಲೇ ಇರುತ್ತಿದ್ದುದರಿಂದ, ಅಲ್ಲಿಂದ ಬರುವ ಚೂರು ಕರೆಂಟಿನಲ್ಲಿ ಗಡಿಯಾರ ಓಡುತ್ತಿತ್ತು. ಸಿಡಿಲಿಗೆ ಹೆದರಿ ಪ್ಲಗ್ ಕಿತ್ತ ರಾತ್ರಿಯಿಂದ ಅದು ಪ್ರತಿ ಬೆಳಿಗ್ಗೆ 2010ರ ಜನವರಿ 1ಕ್ಕೆ ಮರಳುತ್ತಿತ್ತು. ಇಮೇಲಿನಂಥ ಸೈಟುಗಳು ತಾವು ಅಸಲಿ ಎಂದು ತೋರಿಸಲು ಒಂದು ಪ್ರಮಾಣಪತ್ರ ಮುಂದಿಡುತ್ತವೆ, ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಅವಧಿ ಅದರಲ್ಲಿರುತ್ತದೆ. 2010ರಲ್ಲಿ ಕೂತ ಯಂತ್ರಕ್ಕೆ 2024ರ ಪತ್ರವೆಂದರೆ ಹುಟ್ಟದ ಮಗುವಿನ ಜಾತಕ. ಅದು ಬಾಗಿಲು ಹಾಕಿದ್ದರಲ್ಲಿ ತಪ್ಪೇನೂ ಇಲ್ಲ. ಪ್ರಮಾಣಪತ್ರದ ಗೋಜಿಲ್ಲದ ಹಳೇ ಸೈಟುಗಳು ಆರಾಮ ತೆರೆಯುತ್ತಿದ್ದುದೂ ಇದಕ್ಕೇ.

ಕಾರ್ಕಳದ ವಾಚಿನ ಅಂಗಡಿಯಲ್ಲಿ ಬ್ಯಾಟರಿ ಸಿಕ್ಕಿತು, ನಲವತ್ತು ರೂಪಾಯಿ. ಮೇಲೆ ‘ಸಿಆರ್ 2032’ ಎಂದಿತ್ತು. 2032ರವರೆಗೆ ಬಾಳಿಕೆ ಎಂದು ಖುಷಿಪಟ್ಟೆ. ಅದು ಅಳತೆಯಂತೆ: ಅಡ್ಡ 20 ಮಿಲಿಮೀಟರು, ದಪ್ಪ 3.2.

ಸಂಜೆ ಪೆಟ್ಟಿಗೆ ಬಿಚ್ಚಿದೆ. ತುಕ್ಕು ಹಿಡಿದ ಸ್ಕ್ರೂಗಳಿಗೆ ತೆಂಗಿನೆಣ್ಣೆ ಬಿಟ್ಟು ಅರ್ಧ ಗಂಟೆ ಕಾಯಬೇಕಾಯಿತು. ಒಳಗೆ ಹದಿನಾಲ್ಕು ವರ್ಷದ ಧೂಳು, ಮೂಲೆಯಲ್ಲಿ ಎರಡು ಹಲ್ಲಿ ಮೊಟ್ಟೆಯ ಚಿಪ್ಪು. ಹಳೇ ಬ್ಯಾಟರಿಯ ಅಂಚಿನಲ್ಲಿ ಹಸಿರು ಕಿಲುಬು. ಪಕ್ಕದ ಸಣ್ಣ ಕೊಕ್ಕೆಯನ್ನು ಉಗುರಿನಲ್ಲಿ ಒತ್ತಿದೆ, ಬಿಲ್ಲೆ ಚಿಮ್ಮಿ ಮೇಜಿನ ಕೆಳಗೆ ಓಡಿತು. ಹೊಸತನ್ನು ಕೂರಿಸಿ, ತಾರೀಕು ತಿದ್ದಿ, ಇಮೇಲ್ ಒತ್ತಿದೆ. ಎರಡು ಜಿ.ಬಿ.ಯ ಯಂತ್ರ ಏದುಸಿರು ಬಿಟ್ಟು ಮೂರು ನಿಮಿಷ ತೆಗೆದುಕೊಂಡಿತು. ತೆರೆಯಿತು. ಓದದ ಪತ್ರ ಮೂವತ್ತೊಂದು, ಅದರಲ್ಲಿ ಪ್ರೆಸ್ಸಿನವರದ್ದೇ ಐದು.

ಹಳೇ ಕಂಪ್ಯೂಟರು ಇಟ್ಟುಕೊಂಡವರಿಗೆ ಒಂದು ಮಾತು. ಇಮೇಲ್ ತೆರೆಯದಿದ್ದರೆ ಯಾರನ್ನೂ ಕರೆಯುವ ಮುಂಚೆ ಬಲ ಮೂಲೆಯ ತಾರೀಕು ನೋಡಿ, ಇಸವಿ ಸಮೇತ. ಸರಿಯಾಯಿತೆಂದು ಬ್ಯಾಂಕಿನ ವ್ಯವಹಾರವನ್ನು ಮಾತ್ರ ಅದರಲ್ಲಿ ಮಾಡಬೇಡಿ. ವಿಂಡೋಸ್ 7ಕ್ಕೆ ಭದ್ರತೆಯ ರಿಪೇರಿ ಈಗ ಬರುತ್ತಿಲ್ಲ, ಬ್ಯಾಟರಿ ಬದಲಿಸಿದರೆ ಅದು ಬರುವುದೂ ಇಲ್ಲ.

ಸ್ಮರಣ ಸಂಚಿಕೆ ಆಗಸ್ಟ್ 15ರಂದು ಬಿಡುಗಡೆಯಾಯಿತು. 37ನೇ ಪುಟದ ಫೋಟೋದ ಕೆಳಗೆ ಇಸವಿ ತಪ್ಪಾಗಿದೆ. ಅದು ಕಂಪ್ಯೂಟರಿನದ್ದಲ್ಲ, ನನ್ನ ತಪ್ಪು.